ಮೂರು ವರ್ಷದ ಮಗಳನ್ನು ಇಂಗ್ಲಿಷ್ ನರ್ಸರಿಗೆ ಹಾಕದಿದ್ದರೆ ಹಿಂದೆ ಬೀಳುತ್ತಾಳೆಯೇ?

ಓದುಗರ ಪ್ರಶ್ನೆ:

"ಮೇಡಂ ಅವರಿಗಿ ನಮಸ್ಕಾರ. ನಮ್ದು ಗುರುಮಠಕಲ್ ತಾಲ್ಲೂಕಿನ ಒಂದು ತಾಂಡಾ. ನಾ ಹತ್ತನೇ ತನಕ ಓದೀನಿ. ಒಬ್ಬಾಕೀನೇ ಮಗಳು, ಈಗ ಮೂರು ವರ್ಷ ತುಂಬ್ಯಾವ. ಪ್ರತಿ ವರ್ಷ ದೀಪಾವಳಿ ಆದ ಮ್ಯಾಲೆ ನಾ, ನನ್ ಗಂಡ ಪುಣೆಗಿ ಬಿಲ್ಡಿಂಗ್ ಕೆಲಸಕ್ಕ ಹೋಗ್ತೀವಿ, ಯುಗಾದಿಗಿ ಬರ್ತೀವಿ. ತಾಂಡಾದಾಗ ಮಿನಿ ಅಂಗನವಾಡಿ ಅದ. ಟೀಚರ್ ಒಬ್ಬಾಕೀನೇ, ಆಯಾ ಇಲ್ಲ. 'ಅಲ್ಲಿ ಬರೇ ಅನ್ನ ತಿಂದು ಬರ್ತಾವ' ಅಂತ ಎಲ್ಲಾರೂ ಅಂತಾರ. ಗುರುಮಠಕಲ್‌ದಾಗಿನ ಇಂಗ್ಲಿಷ್ ಮೀಡಿಯಂ ಸಾಲ್ಯಾಗ ನರ್ಸರಿಗಿ ವರ್ಷಕ್ಕ 18,000 ಕೇಳ್ತಾರ, ವ್ಯಾನಿಗಿ ಬ್ಯಾರೆ ತಿಂಗಳಿಗಿ 900. ಸಂಘದಾಗ ಸಾಲ ತಗೋಬೇಕಾಗ್ತದ. ನಮ್ ಮೈದುನ 'ಮೂರು ವರ್ಷದಾಗ ಮೆದುಳು ಬೆಳೆದು ಮುಗೀತದ, ಈಗ ಹಾಕ್ಲಿಲ್ಲಂದ್ರ ಮುಂದ ಏನ್ ಮಾಡಿದ್ರೂ ಉಪಯೋಗಿಲ್ಲ' ಅಂತ ಮೊಬೈಲ್‌ದಾಗ ವಿಡಿಯೋ ತೋರಿಸ್ಯಾನ. ಅಂಗನವಾಡಿ ಟೀಚರ್ 'ತೂಕ 11 ಕೆ.ಜಿ. ಅದ, ಸರಿ ಅದ. ಎತ್ತರ 86, ಸ್ವಲ್ಪ ಗಿಡ್ಡ ಅದಾಳ, ಮಾತೂ ಕಮ್ಮಿ' ಅಂದಾಳ. ನಾವು ಮನ್ಯಾಗ ಲಂಬಾಣಿ ಮಾತಾಡ್ತೀವಿ. ಮನ್ಯಾಗ ಹರಳು ಹುರಿದಂಗ ಮಾತಾಡ್ತಾಳ, ಅಲ್ಲಿ ಹೋದ್ರ ಬಾಯಿ ಬಿಡಲ್ಲ. ಇನ್ ಮ್ಯಾಲೆ ಮನ್ಯಾಗ ಕನ್ನಡ ಇಲ್ಲಾ ಇಂಗ್ಲಿಷ್ ಮಾತಾಡ್ಬೇಕೇನು? ಪುಣೆಗಿ ಕರ್ಕೊಂಡು ಹೋಗ್ಲೋ, ಅತ್ತಿ ಹತ್ರ ಬಿಟ್ಟು ಹೋಗ್ಲೋ? ಅಕ್ಷರ ಬರಿಯೋದು ಯಾವಾಗ ಕಲಿಸ್ಲಿ? ಬೆಂಗಳೂರಿನ ಮಕ್ಕಳು, ಹೊರದೇಶದ ಮಕ್ಕಳು ಎಲ್ಲೋ ಮುಂದ ಹೋಗ್ಯಾವ, ನಮ್ಮಾಕಿ ಇಲ್ಲೇ ಉಳೀತಾಳೇನೋ ಅಂತ ರಾತ್ರಿ ನಿದ್ದಿ ಬರಲ್ಲ."

ಉತ್ತರ:

ತಂಗಿ, ನಿಮ್ಮ ಪ್ರಶ್ನೆಗಳು ಹಲವು, ಒಳಗಿನ ಭಯ ಒಂದೇ. ಕೈಯಲ್ಲಿ ರೊಕ್ಕ ಇಲ್ಲದ್ದಕ್ಕೆ, ತಾಂಡಾದಲ್ಲಿ ಹುಟ್ಟಿದ್ದಕ್ಕೆ ಮಗಳ ದಾರಿ ಮೂರನೇ ವರ್ಷಕ್ಕೇ ಮುಚ್ಚಿಹೋಯಿತೇ ಎಂಬುದು. ಮುಚ್ಚಿಲ್ಲ. ಆ ನರ್ಸರಿಗಾಗಿ ಸಾಲ ಮಾಡಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆ ಎಂಬುದು ಮುಂದೆ ಬರುತ್ತದೆ. ಆದರೆ ನೀವು ಹಾಗೇ ಬರೆದು ದಾಟಿಹೋದ ಒಂದು ಅಂಕಿ ನನ್ನನ್ನು ತಡೆದು ನಿಲ್ಲಿಸಿತು: ಎತ್ತರ 86 ಸೆಂ.ಮೀ. ಇಂಗ್ಲಿಷು, ವ್ಯಾನು, ಪುಣೆ ಎಲ್ಲಕ್ಕಿಂತ ಮೊದಲು ಅದನ್ನು ನೋಡೋಣ.

ಗಿಡ್ಡ ಎಂದು ಬಿಡುವ ವಿಷಯವಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ ಪ್ರಕಾರ ಮೂರು ವರ್ಷ ತುಂಬಿದ ಹೆಣ್ಣುಮಗುವಿನ ನಡುಮಟ್ಟದ ಎತ್ತರ 95 ಸೆಂ.ಮೀ. ಅದು 87.4ಕ್ಕಿಂತ ಕಡಿಮೆ ಇದ್ದರೆ ಕುಂಠಿತ ಬೆಳವಣಿಗೆ ಎನ್ನುತ್ತೇವೆ. ಅದೇ ವಯಸ್ಸಿಗೆ ತೂಕದ ಕೆಳಗಿನ ಗೆರೆ 10.8 ಕೆ.ಜಿ. ನಿಮ್ಮ ಮಗಳು 11 ಇರುವುದರಿಂದ ಗೆರೆಯ ಮೇಲೆಯೇ ಇದ್ದಾಳೆ, ಅದಕ್ಕೇ ಟೀಚರ್ 'ಸರಿ ಅದ' ಎಂದಿದ್ದಾರೆ. ಎತ್ತರ ಕಡಿಮೆ ಇರುವ ಮಗುವಿನ ತೂಕ ಅದರ ಮೈಗೆ ತಕ್ಕಂತೆಯೇ ಇರುತ್ತದೆ, ಕಣ್ಣಿಗೆ ಮಗು ಚೆನ್ನಾಗಿಯೇ ಕಾಣುತ್ತದೆ. ತೀರಾ ಸೊರಗಿದ ಮಗುವನ್ನು ಎಲ್ಲರೂ ಗುರುತಿಸುತ್ತಾರೆ, ಈ ಮಗುವನ್ನು ಯಾರೂ ಗುರುತಿಸುವುದಿಲ್ಲ.

'ನಮ್ ಮನಿತನಾನೇ ಗಿಡ್ಡ ಅದ' ಎಂಬ ಮಾತು ನಾನು ಕಲಬುರಗಿಯ ಒಪಿಡಿಯಲ್ಲಿ ಮೇಲಿಂದ ಮೇಲೆ ಕೇಳುತ್ತೇನೆ. ಆ ಮಾನದಂಡ ರೂಪಿಸಲು 1997ರಿಂದ 2003ರವರೆಗೆ ಆರು ದೇಶಗಳ ಮಕ್ಕಳನ್ನು ಅಳೆದರು: ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ. ನಮ್ಮ ದೇಶದ ಮಕ್ಕಳು ದಕ್ಷಿಣ ದೆಹಲಿಯವರು. ಎದೆಹಾಲು, ಒಳ್ಳೆಯ ಊಟ, ಶುದ್ಧ ನೀರು, ವೈದ್ಯರ ಆರೈಕೆ ಸಿಕ್ಕ ಮಕ್ಕಳು ಆರೂ ಕಡೆ ಹೆಚ್ಚುಕಡಿಮೆ ಒಂದೇ ರೀತಿ ಬೆಳೆದರು. ಐದು ವರ್ಷದೊಳಗೆ ಒಂದು ಊರಿನ ಮಕ್ಕಳು ಗುಂಪಾಗಿ ಗಿಡ್ಡ ಉಳಿದರೆ ಅದಕ್ಕೆ ವಂಶವನ್ನು ದೂರುವಂತಿಲ್ಲ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ಕುಂಠಿತರಾಗಿದ್ದರು. ನಿಮ್ಮ ಯಾದಗಿರಿ ಜಿಲ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು. ಇದು ತಾಯಿಯ ಗರ್ಭದಲ್ಲೇ ಶುರುವಾಗುತ್ತದೆ. ಹುಡುಗಿಗೆ ಬೇಗ ಮದುವೆ, ರಕ್ತಹೀನತೆ, ಬಸುರಿಯಾಗಿದ್ದಾಗಲೂ ಬಿಸಿಲಲ್ಲಿ ಹತ್ತಿ ಬಿಡಿಸುವ ಕೆಲಸ, ಹೆರಿಗೆಯಾಗಿ ತಿಂಗಳು ಕಳೆಯುವ ಮೊದಲೇ ಮತ್ತೆ ಹೊಲ. ಆಮೇಲೆ ಮಗುವಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ನೀರು ನೀರಾದ ಊಟ, ಮೇಲಿಂದ ಮೇಲೆ ಭೇದಿ. ಒಂದೊಂದು ಸಲ ಭೇದಿಯಾದಾಗಲೂ ಒಂದಿಷ್ಟು ಬೆಳವಣಿಗೆ ನಿಲ್ಲುತ್ತದೆ. ಇದರಲ್ಲಿ ಯಾವುದನ್ನೂ ನೀವು ಬೇಕೆಂದು ಆರಿಸಿಕೊಂಡಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವೇ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75 ದಾಟಿದ್ದಾಗ ಯಾದಗಿರಿಯದು ಶೇ 51.83. ನಿಮ್ಮ ಮಗಳ ಎತ್ತರದಲ್ಲಿ ಈ ಇತಿಹಾಸವೂ ಇದೆ. ಮನೆಯಲ್ಲಿ ಯಾರಾದರೂ 'ತಾಯಿ ಸರಿ ನೋಡಿಲ್ಲ' ಎಂದರೆ ಇದನ್ನು ಓದಿ ಹೇಳಿ.

ಈಗ ಮಾಡಬೇಕಾದ್ದು. ಎತ್ತರವನ್ನು ಇನ್ನೊಮ್ಮೆ ಅಳೆಸಿ: ಚಪ್ಪಲಿ ಇಲ್ಲದೆ, ತಲೆಯ ಜುಟ್ಟು ಬಿಚ್ಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ಎರಡು ಸಲ. ಈ ವಯಸ್ಸಿನಲ್ಲಿ ಒಂದೂವರೆ ಸೆಂಟಿಮೀಟರ್ ತಪ್ಪಾದರೂ ಲೆಕ್ಕ ಬದಲಾಗುತ್ತದೆ. ಹುಟ್ಟಿದ ತಾರೀಖು ಬಾಯಿಲೆಕ್ಕದ್ದೋ ತಾಯಿ ಕಾರ್ಡಿನದೋ ಎಂದೂ ನೋಡಿ. ಅಂಗನವಾಡಿ ಮಕ್ಕಳ ತಪಾಸಣೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಬರಬೇಕು, ಬಂದಾಗ ಮಗಳನ್ನು ತಪ್ಪದೆ ತೋರಿಸಿ. ಅವರು ಬರುವವರೆಗೆ ಕಾಯದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡಿಸಿ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ರಕ್ತ ಕಡಿಮೆ ಇರುವ ಮಗು ಬೇಗ ದಣಿಯುತ್ತದೆ, ಒಂದು ಕೆಲಸದ ಮೇಲೆ ಮನಸ್ಸು ಇಡುವುದಿಲ್ಲ, ಜನ ಅದನ್ನು ಮಂದಬುದ್ಧಿ ಅನ್ನುತ್ತಾರೆ. ಕಬ್ಬಿಣಾಂಶದ ಸಿರಪ್ಪು ವಾರಕ್ಕೆ ಎರಡು ಸಲ 1 ಮಿ.ಲೀ., ಆರು ತಿಂಗಳಿಗೊಮ್ಮೆ ಜಂತುಹುಳದ ಮಾತ್ರೆ ಮತ್ತು ವಿಟಮಿನ್ ಎ, ಇವೆಲ್ಲ ಉಚಿತ. ಕೇಳಿ ಪಡೆಯಬೇಕು. ರಕ್ತ ತೀರಾ ಕಡಿಮೆ ಇದ್ದರೆ ಈ ಸಿರಪ್ಪಿನ ಅಳತೆ ಸಾಲದು, ವೈದ್ಯರು ಬೇರೆ ಪ್ರಮಾಣ ಹೇಳುತ್ತಾರೆ.

ಊಟದ ವಿಷಯಕ್ಕೆ ಡಬ್ಬಿ ಪೌಡರು ಕೊಳ್ಳಬೇಡಿ. ಮೆತ್ತಗೆ ಮುರಿದ ಜೋಳದ ರೊಟ್ಟಿ, ಗಟ್ಟಿ ತೊಗರಿ ಬ್ಯಾಳಿ, ಮೇಲೆ ಒಂದು ಚಮಚ ಎಣ್ಣೆ ಅಥವಾ ತುಪ್ಪ, ಶೇಂಗಾ ಹಿಂಡಿ, ಪುಂಡಿಪಲ್ಯ, ಸಾಧ್ಯವಾದ ದಿನ ಮೊಟ್ಟೆ. ಮೂರು ಹೊತ್ತು ಹೊಟ್ಟೆ ತುಂಬಿಸುವುದಕ್ಕಿಂತ ಐದು ಹೊತ್ತು ಸ್ವಲ್ಪ ಸ್ವಲ್ಪ ಕೊಡಿ. ಇಡೀ ಶೇಂಗಾ ಬೀಜ ಬೇಡ, ಈ ವಯಸ್ಸಿನಲ್ಲಿ ಉಸಿರುಗೊಳವೆಗೆ ಸಿಕ್ಕಿಕೊಳ್ಳುತ್ತದೆ. ಮುಖ್ಯವಾಗಿ ಚಹಾ ನಿಲ್ಲಿಸಿ. ನಮ್ಮ ಕಡೆ ಎದ್ದ ಕೂಡಲೇ ಮಗುವಿಗೆ ಚಹಾ-ಬಿಸ್ಕೀಟು ಕೊಡುವ ರೂಢಿ ಇದೆ. ಅದು ಹಸಿವು ಕೊಲ್ಲುತ್ತದೆ, ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಐದು ರೂಪಾಯಿಯ ಕುರುಕಲು ಪಾಕೀಟು ಮಾಡುವ ಹಾನಿಯೂ ಇಂಥದ್ದೇ. ಚೆನ್ನಾಗಿ ಬೆಳೆಯುವ ಮಗು ಮೂರರಿಂದ ನಾಲ್ಕನೇ ವರ್ಷಕ್ಕೆ ಏಳು ಸೆಂ.ಮೀ. ಮೇಲೆ ಎತ್ತರವಾಗುತ್ತದೆ. ಆರು ತಿಂಗಳಲ್ಲಿ ಮೂರು ಸೆಂ.ಮೀ. ಕೂಡ ಏರದಿದ್ದರೆ ಯಾದಗಿರಿ ಜಿಲ್ಲಾಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಕರೆದೊಯ್ಯಿರಿ. ಇನ್ನೊಂದು ಮಾತು: ಎರಡನೇ ಮಗುವಿನ ಯೋಚನೆ ಇದ್ದರೆ ಮೊದಲು ನಿಮ್ಮ ರಕ್ತ ಪರೀಕ್ಷೆ ಮಾಡಿಸಿ.

ಆ ವಿಡಿಯೋ ಹೇಳಿದ್ದು, ಹೇಳದೆ ಬಿಟ್ಟದ್ದು

ನಿಮ್ಮ ಮೈದುನ ತೋರಿಸಿದ ವಿಡಿಯೋದಲ್ಲಿ ಅರ್ಧ ನಿಜ ಇದೆ. ಮೆದುಳಿನ ಬೆಳವಣಿಗೆಯ ವೇಗ ಮೊದಲ ವರ್ಷಗಳಲ್ಲೇ ಹೆಚ್ಚು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶೇ 85ಕ್ಕೂ ಹೆಚ್ಚು ಬೆಳವಣಿಗೆ ಆರು ವರ್ಷದೊಳಗೆ ಆಗುತ್ತದೆ ಎನ್ನುತ್ತದೆ. ಆದರೆ 'ಮುಗೀತದ' ಎಂಬುದು ಸುಳ್ಳು. ಮೆದುಳಿನ ಗಾತ್ರ ಬೇಗ ತುಂಬುತ್ತದೆ, ಕಲಿಯುವುದು ನಿಲ್ಲುವುದಿಲ್ಲ. ಶುರುವಿನ ವರ್ಷಗಳು ಮುಖ್ಯ ಎಂಬ ವಿಜ್ಞಾನವನ್ನು ಹೆದರಿಕೆ ಮಾಡಿ ಮಾರುವವರು ಬಹಳ ಜನ. ಆ ವಿಜ್ಞಾನ ಯಾವ ಮಕ್ಕಳಿಂದ ಬಂತು ಎಂದು ಅವರು ಹೇಳುವುದಿಲ್ಲ. ಅದರ ದೊಡ್ಡ ಪಾಲು ಬಂದದ್ದು ನಿಮ್ಮ ಮಗಳಂಥ ಬಡವರ ಮನೆಯ ಮಕ್ಕಳಿಂದಲೇ.

ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ 1986-87ರಲ್ಲಿ ಒಂದು ಅಧ್ಯಯನ ಶುರುವಾಯಿತು. ಒಂಬತ್ತು ತಿಂಗಳಿಂದ ಎರಡು ವರ್ಷದೊಳಗಿನ, ಎತ್ತರ ಕುಂಠಿತವಾಗಿದ್ದ 129 ಮಕ್ಕಳು. ಕೆಲವರಿಗೆ ಹಾಲಿನ ಪೌಷ್ಟಿಕ ಪುಡಿ ಕೊಟ್ಟರು. ಕೆಲವರ ಮನೆಗೆ ಎರಡು ವರ್ಷ ಕಾಲ ವಾರಕ್ಕೊಮ್ಮೆ, ಒಂದು ಗಂಟೆ, ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರು ಹೋದರು. ಅವರು ತಾಯಿಗೆ ತೋರಿಸಿಕೊಟ್ಟದ್ದು ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು, ಮಗು ಮಾಡಿದ್ದನ್ನು ಹೇಗೆ ಮೆಚ್ಚಬೇಕು ಎಂಬುದನ್ನು. ಆಟಿಕೆಗಳು ಮನೆಯ ಖಾಲಿ ಡಬ್ಬಿ, ಮುಚ್ಚಳಗಳಿಂದ ಮಾಡಿದವು. ಇಪ್ಪತ್ತು ವರ್ಷದ ನಂತರ ಆ ಮಕ್ಕಳನ್ನು ಹುಡುಕಿ ನೋಡಿದರು, ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಆಟ-ಮಾತು ಸಿಕ್ಕ ಮಕ್ಕಳು ಸಿಗದವರಿಗಿಂತ ಶೇ 25ರಷ್ಟು ಹೆಚ್ಚು ದುಡಿಯುತ್ತಿದ್ದರು, ಕುಂಠಿತರಲ್ಲದ ಓರಗೆಯವರ ಸಮಕ್ಕೆ ಬಂದಿದ್ದರು. ಪುಡಿ ಮಾತ್ರ ಸಿಕ್ಕವರಲ್ಲಿ ಆ ಲಾಭ ಉಳಿದಿರಲಿಲ್ಲ. ಊಟ ಬೇಡ ಎಂದು ಇದರ ಅರ್ಥವಲ್ಲ. ಊಟದ ಜೊತೆ ಮಾತು ಬೇಕು, ಆಟ ಬೇಕು.

ನಿಮ್ಮ ಮಗಳು ಆ ಮಕ್ಕಳಿಗಿಂತ ದೊಡ್ಡವಳು ಎಂಬುದು ನಿಜ. ಅವಳ ವಯಸ್ಸಿನವರ ಮೇಲಾದ ಕೆಲಸವೂ ಇದೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಿಂದ 1967ರವರೆಗೆ ಬಡ ಕಪ್ಪು ಕುಟುಂಬಗಳ 123 ಮಕ್ಕಳನ್ನು ಆರಿಸಿದರು. ಅವರಲ್ಲಿ 58 ಮಕ್ಕಳಿಗೆ ಮೂರು-ನಾಲ್ಕನೇ ವಯಸ್ಸಿನಲ್ಲಿ ದಿನಕ್ಕೆ ಎರಡೂವರೆ ಗಂಟೆಯ ಶಿಶುಶಾಲೆ, ಜೊತೆಗೆ ವಾರಕ್ಕೊಮ್ಮೆ ಟೀಚರ್ ಮನೆಗೇ ಬಂದು ತಾಯಿಯ ಜೊತೆ ಕೂರುವುದು. ಏನು ಆಡಬೇಕು ಎಂದು ಮಗುವೇ ಯೋಚಿಸಬೇಕು, ಆಡಬೇಕು, ಆಮೇಲೆ ಏನು ಮಾಡಿದೆ ಎಂದು ಹೇಳಬೇಕು. ಬುದ್ಧಿಮತ್ತೆಯ ಅಂಕದಲ್ಲಿ ಸಿಕ್ಕ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ ನಲವತ್ತನೇ ವಯಸ್ಸಿನಲ್ಲಿ ನೋಡಿದಾಗ ಅವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಸಂಪಾದನೆ ಹೆಚ್ಚು, ಪೊಲೀಸ್ ಕೇಸು ಕಡಿಮೆ. ನೀವು ಹೇಳುವ ನರ್ಸರಿಯಲ್ಲಿ ಟೀಚರ್ ಮನೆಗೆ ಬರುತ್ತಾರೆಯೇ? ಮಗು ತಾನೇ ಯೋಚಿಸಿ ಆಡಲು ಬಿಡುತ್ತಾರೆಯೇ? ನೋಡಬೇಕಾದ್ದು ಇದನ್ನು.

ನರ್ಸರಿಯೋ ಅಂಗನವಾಡಿಯೋ

ನಿಮ್ಮ ತಾಂಡಾದಿಂದ ದೂರವಿಲ್ಲದ ತೆಲಂಗಾಣವೂ ಸೇರಿ, ಅಸ್ಸಾಂ, ರಾಜಸ್ಥಾನ, ಈ ಮೂರು ರಾಜ್ಯಗಳ ಹಳ್ಳಿಗಳಲ್ಲಿ 14,000 ಮಕ್ಕಳನ್ನು ನಾಲ್ಕನೇ ವಯಸ್ಸಿನಿಂದ ಎಂಟರವರೆಗೆ ಹಿಂಬಾಲಿಸಿದ ದೊಡ್ಡ ಅಧ್ಯಯನದ ವರದಿ 2017ರಲ್ಲಿ ಬಂತು. ಅಂಗನವಾಡಿಗೆ ಹೋದವರೂ ಖಾಸಗಿ ನರ್ಸರಿಗೆ ಹೋದವರೂ ಐದನೇ ವಯಸ್ಸಿಗೆ ಶಾಲೆಗೆ ಬೇಕಾದಷ್ಟು ಸಿದ್ಧರಾಗಿರಲಿಲ್ಲ. ಅಂಗನವಾಡಿಯಲ್ಲಿ ಕಲಿಕೆಗೆ ಸಮಯ ಸಿಗುತ್ತಿರಲಿಲ್ಲ. ಖಾಸಗಿಯಲ್ಲಿ ಆಟವೇ ಇಲ್ಲದೆ ಎಬಿಸಿಡಿ, ಒನ್ ಟು ತ್ರೀ ಬರೆಸುವುದೇ ನಡೆಯುತ್ತಿತ್ತು. ನಮ್ಮ ಜಿಲ್ಲೆಗಳಲ್ಲಿ ನಾನು ನೋಡಿದ ನರ್ಸರಿಗಳಲ್ಲೂ ಇದೇ ಪರಿಸ್ಥಿತಿ. ಇಂಗ್ಲಿಷ್ ಮೀಡಿಯಂ ಎಂದು ಬೋರ್ಡಿದೆ, ಟೀಚರಮ್ಮನಿಗೆ ಇಂಗ್ಲಿಷಿನಲ್ಲಿ ಮಗುವಿನ ಜೊತೆ ಹರಟಲು ಬರುವುದಿಲ್ಲ, ಮಕ್ಕಳು ಬೋರ್ಡು ನೋಡಿ ಅಕ್ಷರ ತಿದ್ದುತ್ತಿರುತ್ತಾರೆ.

ಅದರ ಜೊತೆ ನೀವು ಕಳೆದುಕೊಳ್ಳುವುದನ್ನೂ ಲೆಕ್ಕ ಹಾಕಿ. ಅಂಗನವಾಡಿಯ ಬಿಸಿಯೂಟ, ಹಾಲು, ಮೊಟ್ಟೆ ಬಿಟ್ಟುಹೋಗುತ್ತವೆ. ನಿಯಮದ ಪ್ರಕಾರ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನ್ ಎಂದು ಅಲ್ಲಿ ಸಿಗಬೇಕು. ಕುಂಠಿತ ಮಗುವಿಗೆ ಇದನ್ನು ತಪ್ಪಿಸಿ, ಬೆಳಗ್ಗೆ ಅರೆಹೊಟ್ಟೆಯಲ್ಲಿ ವ್ಯಾನು ಹತ್ತಿಸಿ, ಡಬ್ಬಿಯಲ್ಲಿ ಬಿಸ್ಕೀಟು ಹಾಕಿ ಕಳಿಸುವುದನ್ನು ವೈದ್ಯೆಯಾಗಿ ನಾನು ಒಪ್ಪುವುದಿಲ್ಲ. ವ್ಯಾನಿನದು ಬೇರೆಯೇ ಅಪಾಯ, ಹತ್ತು ಮಕ್ಕಳ ಜಾಗದಲ್ಲಿ ಇಪ್ಪತ್ತು ಮಕ್ಕಳನ್ನು ತುಂಬುವುದನ್ನು ದಿನಾ ನೋಡುತ್ತೇವೆ. ಮತ್ತು ಆ ಸಂಘದ ಸಾಲದ ಕಂತು ಕಟ್ಟಲು ನೀವು ಪುಣೆಯಲ್ಲಿ ಇನ್ನೊಂದು ತಿಂಗಳು ಹೆಚ್ಚು ಉಳಿಯಬೇಕಾಗುತ್ತದೆ. ಮಗಳಿಗೆ ಆ ತಿಂಗಳು ನರ್ಸರಿಗಿಂತ ದೊಡ್ಡದು.

ಹಾಗೆಂದು ಅಂಗನವಾಡಿಯಲ್ಲಿ ಎಲ್ಲ ಸರಿ ಇದೆ ಎಂದು ನಾನು ಹೇಳುವುದಿಲ್ಲ. ಒಬ್ಬಳೇ ಟೀಚರ್ ಅಡುಗೆ ಮಾಡಬೇಕು, ತೂಕ ನೋಡಬೇಕು, ಮೊಬೈಲಿನಲ್ಲಿ ಮಾಹಿತಿ ತುಂಬಬೇಕು, ಸರ್ವೆ, ಚುನಾವಣೆ ಕೆಲಸಕ್ಕೆ ಹೋಗಬೇಕು, ಉಳಿದರೆ ಪಾಠ. ಈ ವ್ಯವಸ್ಥೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗಿನಿಂದ ಕೆಲಸ ಸೇರುತ್ತಲೇ ಬಂತು, ಕೈಗಳು ಅಷ್ಟಕ್ಕಷ್ಟೇ. ತಮಿಳುನಾಡಿನಲ್ಲಿ 640 ಅಂಗನವಾಡಿಗಳನ್ನು ಆರಿಸಿ, ಅವುಗಳಲ್ಲಿ ಅರ್ಧದಷ್ಟಕ್ಕೆ ಕಲಿಕೆಗೆಂದೇ ಅರ್ಧ ದಿನದ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಕಲಿಕೆಯ ಸಮಯ ಎರಡು ಪಟ್ಟಾಯಿತು, ಮಕ್ಕಳ ಲೆಕ್ಕ, ಭಾಷೆ ಸುಧಾರಿಸಿತು, ಅಪೌಷ್ಟಿಕತೆಯೂ ಇಳಿಯಿತು. ಇನ್ನೊಬ್ಬ ಹೆಂಗಸಿನ ಸಂಬಳದಷ್ಟು ಖರ್ಚಿನಲ್ಲಿ ಇದಾಗುತ್ತದೆ ಎಂದು ಗೊತ್ತಿದ್ದೂ ನಿಮ್ಮ ಕೇಂದ್ರಕ್ಕೆ ಆಯಾ ಇಲ್ಲದಿರುವುದು ನನಗೆ ಸಿಟ್ಟು ತರಿಸುತ್ತದೆ.

ಅದಕ್ಕೆ ನೀವು ಮಾಡಬಹುದಾದ್ದು: ಕೇಂದ್ರದ ಬಾಲವಿಕಾಸ ಸಮಿತಿಯಲ್ಲಿ ತಾಯಂದಿರಿಗೆ ಜಾಗ ಇದೆ. ನಾಲ್ಕೈದು ತಾಯಂದಿರು ಸೇರಿ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಸಹಾಯಕಿ ಬೇಕೆಂದು ಅರ್ಜಿ ಕೊಡಿ, ಒಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಅಲ್ಲಿಯವರೆಗೆ ಪಾಳಿ ಹಚ್ಚಿ ದಿನಕ್ಕೊಬ್ಬ ತಾಯಿ ಅಡುಗೆಗೆ ಕೈ ಕೊಟ್ಟರೆ ಟೀಚರಿಗೆ ಮಕ್ಕಳ ಜೊತೆ ಕೂರಲು ಎರಡು ಗಂಟೆ ಸಿಗುತ್ತದೆ. ಕೂಲಿ ಬಿಟ್ಟು ಬರುವ ಹೆಂಗಸರ ಪುಕ್ಕಟೆ ದುಡಿಮೆ ಸರ್ಕಾರದ ಕೆಲಸಕ್ಕೆ ಬದಲಿ ಆಗಬಾರದು, ಹಾಗಾಗಿ ಅರ್ಜಿಯನ್ನು ಬಿಡಬೇಡಿ. ಈ ಪತ್ರ ಓದುವ ಬೇರೆ ತಾಂಡಾದವರಿಗೆ ಒಂದು ಮಾತು: ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿಯೇ ಇಲ್ಲದ ವಸತಿಯವರು ಕೇಳಿದರೆ ಮೂರು ತಿಂಗಳಲ್ಲಿ ಕೇಂದ್ರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ.

ನಾಲ್ಕು ತುಂಬಿದ ಮೇಲೆ ಇನ್ನೊಂದು ದಾರಿ ತೆರೆಯಬಹುದು. ಕಲ್ಯಾಣ ಕರ್ನಾಟಕದ ಹಲವು ಸರ್ಕಾರಿ ಶಾಲೆಗಳಲ್ಲಿ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಿಂದ ಎಲ್‌ಕೆಜಿ, ಯುಕೆಜಿ ಶುರುವಾಗಿವೆ. ನಡೆದು ಹೋಗುವಷ್ಟು ಹತ್ತಿರದಲ್ಲಿದ್ದರೆ ಹೋಗಿ ನೋಡಿ. ಮೊದಲು ಕೇಳಬೇಕಾದ್ದು ಮಕ್ಕಳಿಗೆ ಊಟ ಇದೆಯೇ ಎಂದು, ಆಮೇಲೆ ಟೀಚರ್ ಇಡೀ ವರ್ಷ ಇರುತ್ತಾರೆಯೇ ಎಂದು.

ಮನೆಯಲ್ಲಿ ಲಂಬಾಣಿಯೇ ಮಾತಾಡಿ

ಮನೆಯಲ್ಲಿ ಹರಳು ಹುರಿದಂತೆ ಮಾತಾಡುವ ಮಗುವಿಗೆ 'ಮಾತು ಕಮ್ಮಿ' ಎಂದರೆ ಅದು ಮಗುವಿನ ಕೊರತೆಯಲ್ಲ. ಆ ಕೋಣೆಯಲ್ಲಿ ಅವಳ ಭಾಷೆ ಇಲ್ಲ, ಅಷ್ಟೇ. ಮೂರು ವರ್ಷಕ್ಕೆ ನಾನು ನೋಡುವುದು ಇದನ್ನು: ಯಾವುದೇ ಭಾಷೆಯಲ್ಲಿ ಮೂರು-ನಾಲ್ಕು ಪದ ಜೋಡಿಸಿ ಹೇಳುತ್ತಾಳೆಯೇ, ಪಕ್ಕದ ಮನೆಯವರಿಗೆ ಅವಳ ಮಾತು ತಿಳಿಯುತ್ತದೆಯೇ, 'ತಂಬಿಗೆ ತಗೊ, ಅಜ್ಜಿಗೆ ಕೊಡು' ಎಂಬಂಥ ಎರಡು ಕೆಲಸದ ಮಾತು ತಿಳಿದು ಮಾಡುತ್ತಾಳೆಯೇ. ಮೂರಕ್ಕೂ ಹೌದು ಎಂದರೆ ಚಿಂತೆ ಬೇಡ. ಇಲ್ಲ ಎಂದರೆ, ಅಥವಾ ಹಿಂದಿನಿಂದ ಕರೆದರೆ ತಿರುಗದಿದ್ದರೆ, ಕಿವಿ ಸೋರುತ್ತಿದ್ದರೆ, ಕಿವಿ ಪರೀಕ್ಷೆ ಮಾಡಿಸಬೇಕು.

ಎರಡು ಭಾಷೆಯಿಂದ ಮಗು ಗೊಂದಲಕ್ಕೆ ಬೀಳುತ್ತದೆ ಎಂಬುದು ಸುಳ್ಳು ಎಂದು ಎಷ್ಟೋ ದೇಶಗಳಲ್ಲಿ ನೋಡಿಯಾಗಿದೆ. ಮೊದಲ ಭಾಷೆ ಗಟ್ಟಿಯಾಗಿದ್ದರೆ ಎರಡನೆಯದು ಬೇಗ ಹತ್ತುತ್ತದೆ. ಒಡಿಶಾದಲ್ಲಿ ಆದಿವಾಸಿ ಮಕ್ಕಳಿಗೆ 2007ರಿಂದ ಶಾಲೆಯಲ್ಲಿ, ಆಮೇಲೆ ಅಂಗನವಾಡಿಯಲ್ಲೂ ಅವರದೇ ಭಾಷೆಯಲ್ಲಿ ಕಲಿಸಲು ಶುರುಮಾಡಿದರು. ಲಂಬಾಣಿ, ತೆಲುಗು, ಉರ್ದು, ಮರಾಠಿ ಮನೆಮಾತಿನ ಮಕ್ಕಳು ಇಷ್ಟೊಂದು ಇರುವ ಯಾದಗಿರಿ, ಬೀದರ್, ಕಲಬುರಗಿಗಳಿಗೆ ಅಂಥದ್ದು ಇನ್ನೂ ಬೇಕಾಗಿದೆ. ನಿಮ್ಮ ಟೀಚರ್ ಹೊರಗಿನವರಾದರೆ ನೀರು, ಹಸಿವು, ಮೂತ್ರ, ನೋವು, ಅವ್ವ ಇಂಥ ಹತ್ತು ಪದ ಲಂಬಾಣಿಯಲ್ಲಿ ಅವರಿಗೆ ಹೇಳಿಕೊಡಿ. ಮೊದಲ ವಾರ ನೀವೋ ನಿಮ್ಮ ಅತ್ತೆಯೋ ಕೇಂದ್ರದಲ್ಲಿ ಕುಳಿತುಕೊಳ್ಳಿ. ಕನ್ನಡ ಅಲ್ಲಿನ ಹಾಡು, ಓರಗೆಯ ಮಕ್ಕಳಿಂದ ತಾನಾಗಿ ಬರುತ್ತದೆ. ನಿಮಗೇ ಸರಿಯಾಗಿ ಬಾರದ ಇಂಗ್ಲಿಷನ್ನು ಮನೆಯಲ್ಲಿ ತಂದರೆ ಮಗಳ ಜೊತೆ ನಿಮ್ಮ ಮಾತೇ ಕಡಿಮೆಯಾಗುತ್ತದೆ, ನಷ್ಟ ಅದು. ಮೊಬೈಲಿನ ಇಂಗ್ಲಿಷ್ ಹಾಡು ಮಾತು ಕಲಿಸುವುದಿಲ್ಲ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಿ ಯಾವ ಪರದೆಯೂ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ನಿಮ್ಮ ಹತ್ತಿರ ಇರುವುದನ್ನು ಬಳಸಿ. ನಿಮ್ಮ ಅತ್ತೆಗೆ ಕನ್ನಡಿ, ಕವಡೆ ಹಚ್ಚಿ ಹೊಲಿಯಲು ಬರುತ್ತದೆಯಾದರೆ ಅವರ ಪಕ್ಕ ಕೂರಿಸಿ: ಕೆಂಪು ಆದ ಮೇಲೆ ಹಳದಿ, ಆಮೇಲೆ ಯಾವುದು? ಒಂದು ಸಾಲಿಗೆ ಎಷ್ಟು ಕವಡೆ? ಸೂಜಿ ಮಾತ್ರ ದೂರ ಇಡಿ, ಕವಡೆ ಬಾಯಿಗೆ ಹೋಗದಂತೆ ನೋಡಿ.

ಪುಣೆಗೆ ಕರೆದೊಯ್ಯಬೇಕೇ

ಇದಕ್ಕೆ ನಾನು ಒಂದೇ ಉತ್ತರ ಹೇಳಲಾರೆ, ಪೂರ್ತಿ ಒಳ್ಳೆಯ ದಾರಿ ಇಲ್ಲಿಲ್ಲ. ಇಬ್ಬರಲ್ಲಿ ಒಬ್ಬರಾದರೂ ಊರಲ್ಲಿ ಉಳಿಯಲು ಆಗುತ್ತದೆಯೇ ಎಂದು ಮೊದಲು ನೋಡಿ. ನಿಮ್ಮ ಪಂಚಾಯಿತಿಯಲ್ಲಿ ಉದ್ಯೋಗ ಖಾತ್ರಿ ಕೆಲಸ ನಡೆಯುತ್ತಿದೆಯೇ, ದುಡಿಯುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ತೆರೆದಿದೆಯೇ ಎಂದು ವಿಚಾರಿಸಿ.

ಕರೆದೊಯ್ದರೆ ತಾಯಿ-ತಂದೆ ಜೊತೆಗಿರುತ್ತಾರೆ, ಅದು ದೊಡ್ಡದು. ಆದರೆ ಸಿಮೆಂಟ್ ಧೂಳು, ಟ್ಯಾಂಕರ್ ನೀರು, ತೆರೆದ ಗುಂಡಿ, ಕಬ್ಬಿಣದ ಸರಳು. ಅಂಥ ಸೈಟುಗಳಿಂದ ಯುಗಾದಿಗೆ ಮರಳುವ ಮಕ್ಕಳಲ್ಲಿ ತೂಕ ಇಳಿದಿರುವುದನ್ನು, ಕೆಮ್ಮು ಹಿಡಿದಿರುವುದನ್ನು ನಾನು ಸಾಮಾನ್ಯವಾಗಿ ನೋಡುತ್ತೇನೆ. ಗುತ್ತಿಗೆದಾರನಿಗೆ ಒಂದು ಮಾತು ಕೇಳಿ. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ, ನೋಡಿಕೊಳ್ಳುವ ಹೆಂಗಸು ಇರಲೇಬೇಕಿತ್ತು. ಅದಿರುವ ಸೈಟು ಸಿಕ್ಕರೆ ಕರೆದೊಯ್ಯಿರಿ. ಅಲ್ಲಿನ ಅಂಗನವಾಡಿಯಲ್ಲೂ ಹೆಸರು ಬರೆಸುವ ಹಕ್ಕು ನಿಮಗಿದೆ. ಹೋಗುವ ಮುನ್ನ ಇಲ್ಲಿನ ಟೀಚರಿಗೆ ಹೇಳಿದರೆ ಅವರ ಮೊಬೈಲ್ ಆ್ಯಪಿನಲ್ಲಿ ವಲಸೆ ಎಂದು ದಾಖಲಿಸಬಹುದು. ತಾಯಿ ಕಾರ್ಡು ಜೊತೆಗಿರಲಿ.

ಅಂಥ ಕೋಣೆ ಇಲ್ಲದ ಸೈಟಾದರೆ, ನಿಮ್ಮ ಅತ್ತೆ ಗಟ್ಟಿಮುಟ್ಟಾಗಿದ್ದು ಮಗು ಅವರಿಗೆ ಹೊಂದಿಕೊಂಡಿದ್ದರೆ, ಬಿಟ್ಟು ಹೋಗುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಊಟ, ಭಾಷೆ, ಅಂಗನವಾಡಿ ತಪ್ಪುವುದಿಲ್ಲ. ಆದರೆ ಅಗಲಿಕೆಯ ನೋವು ಅವಳಿಗೆ ಖಂಡಿತ ಆಗುತ್ತದೆ. ರಾತ್ರಿ ಮಗು ಮಲಗಿದ್ದಾಗ ಸದ್ದಿಲ್ಲದೆ ಬಸ್ಸು ಹತ್ತುವುದು ನಮ್ಮ ಕಡೆ ರೂಢಿ, ಹಾಗೆ ಮಾಡಬೇಡಿ. ಎದ್ದು ನೋಡಿ ತಾಯಿ ಇಲ್ಲದ ಮಗು ಆಮೇಲೆ ಮಲಗಲೇ ಹೆದರುತ್ತದೆ. ಒಂದು ವಾರ ಮೊದಲಿನಿಂದ ಹೇಳುತ್ತಾ ಬನ್ನಿ, ಅಳಲಿ, ಎತ್ತಿಕೊಂಡು ಹೇಳಿ ಹೋಗಿ. ದಿನಾ ಒಂದೇ ಹೊತ್ತಿಗೆ ಫೋನು ಮಾಡಿ. ನಡುವೆ ಸಂಕ್ರಾಂತಿಗೆ ಒಬ್ಬರಾದರೂ ಬಂದು ಹೋಗಿ. ಯುಗಾದಿಗೆ ಬಂದಾಗ ಮೊದಲ ನಾಲ್ಕು ದಿನ ಹತ್ತಿರ ಬಾರದೆ ಅಜ್ಜಿಯ ಸೆರಗು ಹಿಡಿದು ನಿಂತರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಬಯ್ಯಬೇಡಿ. ಬರುತ್ತಾಳೆ.

ಹೊರದೇಶದವರು ಮುಂದೆ ಹೋದರು ಎಂಬುದು

ಎಲ್ಲರೂ ಹೋಗಿಲ್ಲ ತಂಗಿ. ಯುನಿಸೆಫ್ 2019ರಲ್ಲಿ ಹೇಳಿದ ಲೆಕ್ಕದಲ್ಲಿ ಶಾಲೆಗೆ ಮುಂಚಿನ ವಯಸ್ಸಿನ ಜಗತ್ತಿನ ಮಕ್ಕಳಲ್ಲಿ ಅರ್ಧದಷ್ಟು, 17.5 ಕೋಟಿ ಮಕ್ಕಳು ಯಾವ ಶಿಶುಶಾಲೆಗೂ ಹೋಗುತ್ತಿರಲಿಲ್ಲ. ಬಡ ದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಮಾತ್ರ ಆ ಅವಕಾಶ. ನಮ್ಮಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆರು ವರ್ಷದಿಂದ ಶುರುವಾಗುತ್ತದೆ. ಆರರೊಳಗಿನ ಮಕ್ಕಳ ಆರೈಕೆ, ಶಿಕ್ಷಣ ಸಂವಿಧಾನದ 45ನೇ ವಿಧಿಯಲ್ಲಿ ಸರ್ಕಾರಕ್ಕೆ ಕೊಟ್ಟ ನಿರ್ದೇಶನ ಮಾತ್ರ, ಕೋರ್ಟಿಗೆ ಹೋಗಿ ಪಡೆಯುವ ಮೂಲಭೂತ ಹಕ್ಕಲ್ಲ. 2022ರಲ್ಲಿ ತಾಷ್ಕೆಂಟ್‌ನಲ್ಲಿ ಸೇರಿದ ದೇಶಗಳು ಶಿಕ್ಷಣದ ಖರ್ಚಿನಲ್ಲಿ ಕನಿಷ್ಠ ಶೇ 10ನ್ನು ಈ ವಯಸ್ಸಿಗೆ ಮೀಸಲಿಡುವ ಮಾತು ಕೊಟ್ಟಿವೆ. ಆ ಮಾತು ಗುರುಮಠಕಲ್ ತಾಂಡಾದ ಮಿನಿ ಕೇಂದ್ರದಲ್ಲಿ ಒಬ್ಬ ಆಯಾ ಆಗಿ ಬಂದು ಕೂತಾಗ ನಾನು ನಂಬುತ್ತೇನೆ.

ಕೊನೆಗೆ, ಅಕ್ಷರ ಬರೆಸುವುದು. ಫಿನ್ಲೆಂಡಿನಲ್ಲಿ ಶಾಲೆ ಶುರುವಾಗುವುದೇ ಏಳನೇ ವಯಸ್ಸಿಗೆ. ನ್ಯೂಜಿಲೆಂಡಿನಲ್ಲಿ ಐದಕ್ಕೆ ಓದು ಕಲಿತವರನ್ನೂ ಏಳಕ್ಕೆ ಕಲಿತವರನ್ನೂ ಹೋಲಿಸಿದಾಗ ಹನ್ನೊಂದನೇ ವಯಸ್ಸಿಗೆ ಓದುವುದರಲ್ಲಿ ವ್ಯತ್ಯಾಸ ಉಳಿದಿರಲಿಲ್ಲ. ಮೂರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಇನ್ನೂ ಬಂದಿರುವುದಿಲ್ಲ. ಈಗ ಹಿಟ್ಟು ನಾದಲಿ, ಅವರೆಕಾಯಿ ಸುಲಿಯಲಿ, ಅಂಗಳದಲ್ಲಿ ಕಡ್ಡಿಯಿಂದ ಗೀಚಲಿ. ಐದು ದಾಟಿದ ಮೇಲೆ ಸ್ಲೇಟು, ಬಳಪ ಕೊಡಿ. ಅದಕ್ಕಿಂತ ಮೊದಲೇ ಅವಳಾಗಿ ಕೇಳಿದರೆ ಅವಳ ಹೆಸರಿನ ಮೊದಲ ಅಕ್ಷರ ಬರೆದು ತೋರಿಸಿ, ತಿದ್ದು ಎಂದು ಕೂರಿಸಬೇಡಿ.